ಪ್ರಾರ್ಥನೆಯ ಚೀಟಿ, ಗೂಗಲ್ ಶೀಟು

ಮನೆಯಲ್ಲಿ ಒಬ್ಬ ಬಿಇ ಓದುತ್ತಿದ್ದರೆ ಓಣಿಯ ಟಿ.ವಿ, ಮಿಕ್ಸರ್, ಆಧಾರ್ ಲಿಂಕ್ ಎಲ್ಲವೂ ಅವನ ಸಿಲಬಸ್ಸೇ. ನನಗೆ ಅದರ ಜೊತೆ ಚರ್ಚೂ ಸೇರಿಕೊಂಡಿತ್ತು. ಬೆಳಗಾವಿಯಲ್ಲಿ ಐದನೇ ಸೆಮಿಸ್ಟರ್ ಓದುವ ನಾನು ಶನಿವಾರ ಸಂಜೆ ಗೋಕಾಕದಲ್ಲಿ ಬಸ್ ಇಳಿಯುವಷ್ಟರಲ್ಲಿ ಪಾಸ್ಟರ್ ಫೋನ್ ಬಂದಿರುತ್ತಿತ್ತು. ‘ತಮ್ಮಾ, ನಾಳಿ ಹಾಡು ಪರದೆ ಮ್ಯಾಲ ಬರ್ತಾವೇನಪಾ?’

ನಮ್ಮದು ಸಣ್ಣ ಸಭೆ. ಪಾಸ್ಟರ್ ಒಬ್ಬರೇ. ಭಾನುವಾರ ಬೆಳಿಗ್ಗೆ ಗೋಕಾಕದಲ್ಲಿ ಆರಾಧನೆ ಮುಗಿಸಿ, ಮಧ್ಯಾಹ್ನ ಒಂದು ವಾರ ಮೂಡಲಗಿ, ಇನ್ನೊಂದು ವಾರ ಹುಕ್ಕೇರಿ ಕಡೆಗೆ ಬೈಕ್ ತಿರುಗಿಸುತ್ತಾರೆ. ಯಾವ ವಾರ ಯಾವ ಊರು ಎಂಬುದು ಅವರ ಕಿಸೆಯ ಡೈರಿಗೆ ಮಾತ್ರ ಗೊತ್ತಿತ್ತು. ಹುಕ್ಕೇರಿಯವರು ಕಾಯುವುದು, ಇವರು ಮೂಡಲಗಿಯಲ್ಲಿ ಇರುವುದು ಎಷ್ಟೋ ಸಲ ಆಗಿದೆ. ನಾನು ಮಾಡಿದ ಮೊದಲ ಕೆಲಸ ಒಂದು ಗೂಗಲ್ ಕ್ಯಾಲೆಂಡರ್ ಮತ್ತು ಅಡ್ಮಿನ್ ಮಾತ್ರ ಬರೆಯಬಹುದಾದ ಒಂದು ವಾಟ್ಸ್‌ಆ್ಯಪ್ ಗುಂಪು. ‘ಗುಡ್ ಮಾರ್ನಿಂಗ್’ ಹೂವುಗಳು ಬರದ ಗುಂಪು ಎಂದೇ ಅದಕ್ಕೆ ಬೆಲೆ. ಮಳೆಗಾಲದಲ್ಲಿ ಘಟಪ್ರಭೆ ಏರಿ ಲೋಳಸೂರ ಸೇತುವೆ ಮೇಲೆ ನೀರು ಬಂದರೆ, ‘ಇವತ್ತು ಯಾರೂ ಹೊರಡಬ್ಯಾಡ್ರಿ’ ಎಂಬ ಒಂದು ಸಾಲು ಸಾಕು. 2019ರ ಪ್ರವಾಹ ಕಂಡವರಿಗೆ ಆ ಸಾಲಿನ ಬೆಲೆ ಹೇಳಬೇಕಿಲ್ಲ.

ಹಾಡಿನದು ಬೇರೆಯೇ ಕಥೆ. ಸಭೆಯ 140 ಹಾಡುಗಳನ್ನು ಹಿಂದೆ ಯಾರೋ ಪುಣ್ಯಾತ್ಮರು ನುಡಿಯಲ್ಲಿ ಟೈಪ್ ಮಾಡಿಟ್ಟಿದ್ದರು. ಅದೇ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ ಪ್ರೊಜೆಕ್ಟರ್ ಚಾಲೂ ಮಾಡಿದೆ. ಗೋಡೆಯ ಮೇಲೆ ಮೂಡಿದ್ದು ತಲೆಗೆ ಟೋಪಿ, ಕಾಲಿಗೆ ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳ ಸಂತೆ! ಮುಂದಿನ ಬೆಂಚಿನ ಆಯಿ ಕನ್ನಡಕ ಒರೆಸಿಕೊಂಡು, ‘ಇದು ಯಾವ ದೇಶದ ಭಾಷಾನೋ ಯಪ್ಪಾ?’ ಎಂದರು. ಸಭೆಯೆಲ್ಲ ನಕ್ಕಿತು, ನಾನು ಬೆವೆತೆ.

ಹಳೆಯ ನುಡಿ, ಬರಹ ಫೈಲುಗಳು ಒಳಗೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯನ್ನೇ ಇಟ್ಟುಕೊಂಡು, ಮೇಲೆ ಕನ್ನಡದ ಫಾಂಟ್ ಹೊದ್ದುಕೊಂಡಿರುತ್ತವೆ. ಫಾಂಟ್ ಇಲ್ಲದ ಯಂತ್ರದಲ್ಲಿ ಬಣ್ಣ ಬಯಲು. ಯೂನಿಕೋಡ್‌ನಲ್ಲಿ ಹಾಗಲ್ಲ, ‘ಕ’ ಅಕ್ಷರಕ್ಕೆ 3221 ಎಂಬ ಸ್ವಂತ ಸಂಖ್ಯೆ ಇದೆ, ಫೋನು ಯಾವುದಾದರೂ ಅದು ‘ಕ’ನೇ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿ ಸಿಗುತ್ತವೆ. ಆದರೆ ನಂಬಿ ಕೂರುವ ಹಾಗಿಲ್ಲ. ನನಗೆ ಅರ್ಕಾವತ್ತುಗಳು ಊರು ಬಿಟ್ಟು ಊರಿಗೆ ಹೋಗಿದ್ದವು. ಎರಡು ವಾರ ರಾತ್ರಿ ಹಾಸ್ಟೆಲಿನಲ್ಲಿ ಕೂತು, ಹಳೆಯ ಮುದ್ರಿತ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಸಾಲು ಸಾಲು ತಿದ್ದಿದೆ. ಕನ್ನಡ ಅಕ್ಷರಕ್ಕಾಗಿ ಚರ್ಚಿನವರು ತಲೆ ಕೆಡಿಸಿಕೊಂಡದ್ದು ಇದೇ ಮೊದಲಲ್ಲ ಬಿಡಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಹೊರತಂದದ್ದು ಕಲ್ಲಚ್ಚಿನಲ್ಲಿ. ಅವರಿಗೆ ಕಲ್ಲಾದರೂ ಇತ್ತು, ನನಗೆ ಬ್ಯಾಟರಿ ಹೋದ ಲ್ಯಾಪ್‌ಟಾಪ್.

ಈಗ ಹಾಡುಗಳು ‘ಓಪನ್‌ಎಲ್‌ಪಿ’ ಎಂಬ ಮುಕ್ತ ತಂತ್ರಾಂಶದಲ್ಲಿವೆ. ದುಡ್ಡು ಬೇಡ, ಹಾಡುವಾಗ ಇಂಟರ್ನೆಟ್ಟೂ ಬೇಡ. ಯೂವರ್ಷನ್ ಆ್ಯಪಿನಲ್ಲಿ ಕನ್ನಡ ಬೈಬಲ್ ಇದೆ. ಕಣ್ಣಿನ ಪೊರೆಯಿಂದ ಓದಲಾಗದ ಹಿರಿಯರಿಗೆ ಕೇಳುವ ಬೈಬಲ್ ಹಾಕಿಕೊಟ್ಟೆ. ಒಬ್ಬ ಅಜ್ಜ ಅದನ್ನು ಹೊಲದಲ್ಲಿ ಕಬ್ಬಿಗೆ ನೀರು ಬಿಡುವಾಗ ಹಚ್ಚಿಡುತ್ತಾರಂತೆ. ಕಾಣಿಕೆಗೆ ಕ್ಯೂಆರ್ ಕೋಡ್ ಬಂತು. ಮೊದಲು ನನ್ನ ನಂಬರಿಗೇ ಹಾಕೋಣ ಎಂದಿದ್ದರು, ನಾನು ಒಪ್ಪಲಿಲ್ಲ. ಸಭೆಯ ಹೆಸರಿನ ಖಾತೆ, ಇಬ್ಬರ ಸಹಿ, ತಿಂಗಳ ಲೆಕ್ಕ ಶೀಟಿನಲ್ಲಿ. ಹಣದ ವಿಷಯದಲ್ಲಿ ಇಷ್ಟು ಜಾಣತನ ತೋರಿಸಿದ ನಾನು ಬೇರೆ ಕಡೆ ದಡ್ಡನಾದೆ.

ಆರಾಧನೆ ಮುಗಿದ ಮೇಲೆ ಜನ ಪಾಸ್ಟರ್ ಕೈಗೆ ಚೀಟಿ ಕೊಡುವುದು ನಮ್ಮಲ್ಲಿ ರೂಢಿ. ಮಗನ ನೌಕರಿ, ಗಂಡನ ಕುಡಿತ, ಆಪರೇಷನ್ನು, ಸಾಲ ಎಲ್ಲ ಅದರಲ್ಲಿ ಇರುತ್ತದೆ. ಮೂಡಲಗಿ, ಹುಕ್ಕೇರಿಯವರು ಎರಡು ವಾರ ಕಾಯಬೇಕಲ್ಲ ಎಂದು ನಾನೊಂದು ಗೂಗಲ್ ಫಾರ್ಮ್ ಮಾಡಿದೆ. ಹೆಸರು, ಊರು, ಪ್ರಾರ್ಥನೆಯ ವಿಷಯ, ಇಷ್ಟೇ. ಸೆಟ್ಟಿಂಗಿನಲ್ಲಿ ಉತ್ತರಗಳ ಸಾರಾಂಶ ತೋರಿಸುವ ಒಂದು ಬಟನ್ ಇತ್ತು. ಎಷ್ಟು ಜನ ತುಂಬಿದರು ಎಂಬ ಚಾರ್ಟ್ ಕಾಣಿಸುತ್ತದೆ, ಚೆಂದ ಇರುತ್ತದೆ ಎಂದು ಒತ್ತಿಬಿಟ್ಟೆ. ಅದನ್ನು ಒತ್ತಿದರೆ ಫಾರ್ಮ್ ತುಂಬಿದವರಿಗೆಲ್ಲ ಹಿಂದಿನವರು ಬರೆದದ್ದನ್ನು ನೋಡುವ ಲಿಂಕ್ ಸಿಗುತ್ತದೆ. ಚಾರ್ಟ್ ಅಷ್ಟೇ ಅಲ್ಲ, ಬರೆದ ಮಾತುಗಳೂ.

ಮೂಡಲಗಿ ಕಡೆಯ ಅಕ್ಕ ಒಬ್ಬರು ಮಕ್ಕಳಿಗಾಗಿ ತೆಗೆದುಕೊಳ್ಳುತ್ತಿದ್ದ ಚಿಕಿತ್ಸೆಯ ಬಗ್ಗೆ ಬರೆದಿದ್ದರು. ಅತ್ತೆಮನೆಗೂ ಹೇಳಿರಲಿಲ್ಲ. ವಾರದೊಳಗೆ ಸಂತೆಯಲ್ಲಿ ಯಾರೋ ಅವರನ್ನು ತಡೆದು ‘ಔಷಧ ಹತ್ತಿತೇನವಾ?’ ಎಂದು ಕೇಳಿದರಂತೆ. ಮುಂದಿನ ಆರಾಧನೆಗೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ.

ವಿಷಯ ಗೊತ್ತಾದ ದಿನ ಫಾರ್ಮ್ ಮುಚ್ಚಿ, ಶೀಟು ಅಳಿಸಿದೆ. ಓದಿದವರ ತಲೆಯಿಂದ ಅಳಿಸುವ ಬಟನ್ ಎಲ್ಲಿದೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗ್ಗೆ ಇಂಟರ್ನಲ್ಸ್‌ನಲ್ಲಿ ಐದು ಮಾರ್ಕಿನ ಉತ್ತರ ಬರೆದು ಐದೂ ಗಿಟ್ಟಿಸಿದ್ದವನು ನಾನು. ಯಾವ ಉದ್ದೇಶಕ್ಕೆ ಪಡೆದ ಮಾಹಿತಿಯೋ ಅದಕ್ಕಷ್ಟೇ ಬಳಸಬೇಕು ಎಂದು ಕೆಳಗೆ ಗೆರೆ ಎಳೆದಿದ್ದೆ.

ಪಾಸ್ಟರ್ ಬೈಯಲಿಲ್ಲ. ‘ನಡಿ, ಹೋಗಿ ಬರೂಣು’ ಎಂದು ಬೈಕ್ ಹತ್ತಿಸಿಕೊಂಡರು. ಆ ಮನೆಯ ಬಾಗಿಲಲ್ಲಿ ನನಗೆ ಮಾತೇ ಹೊರಡಲಿಲ್ಲ. ಅಕ್ಕ ನೀರು ತಂದುಕೊಟ್ಟರು. ‘ನಂದ ತಪ್ಪು ಅಕ್ಕಾ, ನೋಡದ ಒತ್ತಿಬಿಟ್ಟೆ’ ಎಂದೆ. ಅವರು ಸುಮಾರು ಹೊತ್ತು ಸುಮ್ಮನಿದ್ದು, ‘ನಾ ದೇವರಿಗೆ ಬರದಿದ್ದೆ ತಮ್ಮಾ, ಊರಿಗಲ್ಲ’ ಎಂದರು. ಚಹಾ ಕುಡಿದು ಹೋಗಿ ಎನ್ನಲಿಲ್ಲ. ನಮ್ಮ ಕಡೆ ಮನೆಗೆ ಬಂದವರಿಗೆ ಚಹಾ ಎನ್ನದಿರುವುದು ಏನೆಂದು ಗೊತ್ತಿದ್ದವರಿಗೆ ಗೊತ್ತು.

ಈಗಲೂ ಗೆಳೆಯರು ‘ನಮ್ಮ ಸಂಘಕ್ಕೊಂದು ಫಾರ್ಮ್ ಮಾಡಿಕೊಡು’ ಎನ್ನುತ್ತಾರೆ. ಗಣಪತಿ ಮಂಡಳಿಯವರೂ ಕೇಳಿದ್ದಾರೆ. ಮಾಡಿಕೊಡುತ್ತೇನೆ. ಲಿಂಕ್ ಹಂಚುವ ಮುನ್ನ ಇನ್ನೊಬ್ಬರ ಫೋನಿನಿಂದ, ಬೇರೆ ಖಾತೆಯಿಂದ ತೆರೆದು, ತುಂಬಿ, ಕೊನೆಯ ಪುಟದವರೆಗೆ ಹೋಗಿ ನೋಡುತ್ತೇನೆ. ಶೀಟು ‘ಲಿಂಕ್ ಇದ್ದವರೆಲ್ಲರಿಗೆ’ ಎಂದಿದೆಯೇ, ಇಬ್ಬರಿಗಷ್ಟೇ ಎಂದಿದೆಯೇ ಎಂದು ಎರಡು ಸಲ ನೋಡುತ್ತೇನೆ. ಫೋನ್ ನಂಬರ್ ಬೇಕಿಲ್ಲದಿದ್ದರೆ ಕೇಳುವುದೇ ಇಲ್ಲ. ಕೆಲಸದ ಸಂದರ್ಶನದಲ್ಲಿ ಪ್ರಾಜೆಕ್ಟ್ ಬಗ್ಗೆ ಕೇಳಿದರೆ ಹಾಡಿನ ತಂತ್ರಾಂಶದ ಜೊತೆ ಇದನ್ನೂ ಹೇಳಬೇಕೆಂದಿದ್ದೇನೆ.

ಪ್ರಾರ್ಥನೆಗೆ ಮಾತ್ರ ಮತ್ತೆ ಚೀಟಿಯೇ. ಗೋಕಾಕದ ಕರದಂಟಿನ ಖಾಲಿ ಡಬ್ಬಿಗಳ ಮುಚ್ಚಳಕ್ಕೆ ಸೀಳು ಕೊರೆದು ಮೂರು ಊರಿಗೂ ಒಂದೊಂದು ಇಟ್ಟಿದ್ದೇವೆ. ಹೆಸರು ಬರೆಯಲೇಬೇಕೆಂದಿಲ್ಲ. ಪಾಸ್ಟರ್ ಒಬ್ಬರೇ ತೆಗೆಯುತ್ತಾರೆ, ಓದಿ, ಸೋಮವಾರ ಒಲೆಗೆ ಹಾಕುತ್ತಾರೆ.

ಕಳೆದ ತಿಂಗಳು ಮೂಡಲಗಿಯ ಆರಾಧನೆಗೆ ಅಕ್ಕ ಬಂದಿದ್ದರು, ಕೊನೆಯ ಸಾಲಿನಲ್ಲಿ. ಮುಗಿದ ಮೇಲೆ ಡಬ್ಬಿಯ ಹತ್ತಿರ ಹೋದರೋ ಇಲ್ಲವೋ ನಾನು ನೋಡಲಿಲ್ಲ. ಬೇಕೆಂದೇ ಪ್ರೊಜೆಕ್ಟರಿನ ವೈರ್ ಸುತ್ತುತ್ತ ಗೋಡೆ ಕಡೆ ತಿರುಗಿ ನಿಂತಿದ್ದೆ.