ಸ್ವಗತ ಕೇಳಿಸಿಕೊಂಡ ಗಂಡಸು

ನಾಟಕ ನೋಡುವವರಿಗೆ ‘ಸ್ವಗತ’ ಹೊಸದಲ್ಲ. ಪಾತ್ರಧಾರಿ ತನ್ನ ಮನಸ್ಸಿನ ಮಾತನ್ನು ಗಟ್ಟಿಯಾಗಿಯೇ ಆಡುತ್ತಾನೆ. ಕೊನೆಯ ಸಾಲಿನ ಪ್ರೇಕ್ಷಕನಿಗೂ ಅದು ಕೇಳುತ್ತದೆ. ಪಕ್ಕದಲ್ಲೇ ನಿಂತ ಇನ್ನೊಂದು ಪಾತ್ರಕ್ಕೆ ಮಾತ್ರ ಕೇಳುವುದಿಲ್ಲ. ನಾಟ್ಯಶಾಸ್ತ್ರದಿಂದ ಹಿಡಿದು ಕಂಪನಿ ನಾಟಕಗಳವರೆಗೆ ನಡೆದುಬಂದ ಒಪ್ಪಂದ ಇದು. ಆ ಪಕ್ಕದಲ್ಲಿ ನಿಂತವನಿಗೂ ಒಂದು ದಿನ ಸ್ವಗತ ಕೇಳಿಸತೊಡಗಿದರೆ? 2000ದ ಡಿಸೆಂಬರ್‌ನಲ್ಲಿ ತೆರೆಕಂಡ ಹಾಲಿವುಡ್ ಚಿತ್ರ ‘ವಾಟ್ ವಿಮೆನ್ ವಾಂಟ್’ ನಿಂತಿರುವುದು ಈ ಒಂದು ತಮಾಷೆಯ ಮೇಲೆ.

ಕತೆ ಷಿಕಾಗೋದ ಒಂದು ಜಾಹೀರಾತು ಸಂಸ್ಥೆಯಲ್ಲಿ ನಡೆಯುತ್ತದೆ. ನಿಕ್ ಮಾರ್ಷಲ್ (ಮೆಲ್ ಗಿಬ್ಸನ್) ತನ್ನನ್ನು ಕಂಡರೆ ಹೆಂಗಸರೆಲ್ಲ ಮರುಳಾಗುತ್ತಾರೆ ಎಂದು ನಂಬಿರುವ ಆಸಾಮಿ. ತನಗೇ ಸಿಗಬೇಕೆಂದಿದ್ದ ಹುದ್ದೆಗೆ ಡಾರ್ಸಿ ಮೆಗ್ವಾಯರ್ (ಹೆಲೆನ್ ಹಂಟ್) ಎಂಬಾಕೆ ಹೊರಗಿನಿಂದ ಬಂದು ಕೂರುತ್ತಾಳೆ. ಹೆಂಗಸರು ಬಳಸುವ ಸರಂಜಾಮುಗಳನ್ನು ಒಂದು ಪೆಟ್ಟಿಗೆಯಲ್ಲಿ ತುಂಬಿ ಎಲ್ಲರಿಗೂ ಹಂಚಿ, ಇವನ್ನು ಮಾರುವ ಬಗೆ ಯೋಚಿಸಿಕೊಂಡು ಬನ್ನಿ ಎನ್ನುತ್ತಾಳೆ. ಮನೆಯಲ್ಲಿ ಅವನ್ನೆಲ್ಲ ತನ್ನ ಮೇಲೇ ಪ್ರಯೋಗಿಸಿಕೊಳ್ಳುವ ನಿಕ್, ಕೂದಲು ಒಣಗಿಸುವ ಯಂತ್ರದ ಸಮೇತ ಸ್ನಾನದ ತೊಟ್ಟಿಗೆ ಬೀಳುತ್ತಾನೆ. ಬೆಳಗಾಗುವಷ್ಟರಲ್ಲಿ ಹೆಂಗಸರ ಮನಸ್ಸಿನ ಮಾತು ಅವನ ಕಿವಿಗೆ ಬೀಳಲಾರಂಭಿಸುತ್ತದೆ.

ಮೀನಿನ ಹೆಜ್ಜೆಯನ್ನೂ ಹೆಣ್ಣಿನ ಮನಸ್ಸನ್ನೂ ಕಂಡವರಿಲ್ಲ ಎಂಬರ್ಥದ ಮಾತು ನಮ್ಮಲ್ಲೂ ಇದೆ. ‘ಹೆಣ್ಣಿಗೆ ಬೇಕಾದದ್ದು ಏನು’ ಎಂಬ ಪ್ರಶ್ನೆಗೆ ಕೊನೆಗೂ ಉತ್ತರ ಸಿಗಲಿಲ್ಲ ಎಂದು ಕೊರಗಿದವರಲ್ಲಿ ಸಿಗ್ಮಂಡ್ ಫ್ರಾಯ್ಡ್ ಕೂಡ ಒಬ್ಬ. ಚಿತ್ರದಲ್ಲಿ ಮನೋವೈದ್ಯೆಯ ಪಾತ್ರದ ಬೆಟ್ ಮಿಡ್ಲರ್ ಅವನ ಹೆಸರನ್ನು ಎತ್ತುವುದೂ ಉಂಟು. ಕೇಳಿದ್ದರೆ ತಿಳಿಯುತ್ತಿತ್ತೇನೋ ಎಂಬ ಸರಳ ಸಂಗತಿ ಫ್ರಾಯ್ಡನಿಗೂ ಗಾದೆ ಕಟ್ಟಿದವರಿಗೂ ಹೊಳೆದಂತಿಲ್ಲ.

ಜನ ಮುಗಿಬಿದ್ದು ನೋಡಿದರು. ಸುಮಾರು 7 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 37 ಕೋಟಿಗೂ ಹೆಚ್ಚು ಡಾಲರ್ ಗಳಿಸಿತು. ಮಹಿಳೆಯೊಬ್ಬರು ನಿರ್ದೇಶಿಸಿದ ಚಿತ್ರಗಳಲ್ಲಿ ಅಲ್ಲಿಯವರೆಗೆ ಅಷ್ಟು ಗಳಿಸಿದ್ದು ಬೇರೊಂದಿರಲಿಲ್ಲ. ನಿರ್ದೇಶಕಿ ನ್ಯಾನ್ಸಿ ಮೇಯರ್ಸ್ ಅವರಿಗೆ ಇದು ಎರಡನೆಯ ಚಿತ್ರ. ವಿಮರ್ಶಕರು ಮಾತ್ರ ಅರ್ಧ ಮೆಚ್ಚಿ ಅರ್ಧ ಮೂಗು ಮುರಿದರು.

ಚಿತ್ರ ನೋಡಿ ಬಂದವರಲ್ಲೂ ಎರಡು ಪಂಗಡಗಳಾದವು. ನಿಕ್‌ನ ಪಾಡು ಕಂಡು ನಗದವರು ಕಡಿಮೆ. ಕಾಲಿನ ಕೂದಲು ಕೀಳಿಸಿಕೊಂಡು ಅವನು ಕಿರುಚುವುದು, ತನ್ನನ್ನು ಮೆಚ್ಚುತ್ತಾರೆಂದು ಅವನು ನಂಬಿದ್ದ ಕಚೇರಿಯ ಹೆಂಗಸರ ನಿಜವಾದ ಅಭಿಪ್ರಾಯ ಒಂದೊಂದಾಗಿ ಬಂದು ಬಡಿಯುವುದು ಇವೆಲ್ಲ ಹದವಾಗಿ ಕೂತಿವೆ. ಪ್ರೇಕ್ಷಕಿಯರಿಗೆ ಇದರಲ್ಲಿ ಬೇರೊಂದು ಸುಖವೂ ಇತ್ತು: ದಿನವೂ ನುಂಗಿಕೊಳ್ಳುವ ಮಾತು ಒಮ್ಮೆಯಾದರೂ ಮುಟ್ಟಬೇಕಾದವನಿಗೆ ಮುಟ್ಟಿತಲ್ಲ ಎಂಬುದು.

ತಕರಾರು ಹುಟ್ಟುವುದು ಇಲ್ಲಿಂದ ಮುಂದೆ. ಈ ಶಕ್ತಿಯನ್ನು ನಿಕ್ ಮೊದಲು ಬಳಸುವುದು ಕಳ್ಳತನಕ್ಕೆ. ‘ನೈಕಿ’ ಕಂಪನಿಯ ಮಹಿಳಾ ವಿಭಾಗದ ಜಾಹೀರಾತು ಹಿಡಿಯಲು ಡಾರ್ಸಿ ಮನಸ್ಸಿನಲ್ಲೇ ಕಟ್ಟುತ್ತಿರುವ ಯೋಚನೆಗಳನ್ನು ಅವನು ಬಾಯಿಬಿಟ್ಟು ಹೇಳಿ ತನ್ನದಾಗಿಸಿಕೊಳ್ಳುತ್ತಾನೆ. ಹೆಸರು ಅವನಿಗೆ ಬರುತ್ತದೆ, ಕೆಲಸ ಅವಳದು ಹೋಗುತ್ತದೆ. ಇದಕ್ಕೆ ಮಾಯಾಶಕ್ತಿ ಬೇಕೇ? ಸಭೆಯಲ್ಲಿ ತಾನು ಹೇಳಿದ್ದನ್ನೇ ಐದು ನಿಮಿಷದ ಮೇಲೆ ಪಕ್ಕದ ಗಂಡಸು ಹೇಳಿ ಭೇಷ್ ಅನ್ನಿಸಿಕೊಂಡದ್ದನ್ನು ಕಂಡ ಹೆಂಗಸರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಆಮೇಲೆ ನಿಕ್ ಯಜಮಾನನ ಬಳಿ ನಿಜ ಹೇಳಿ ಕೆಲಸ ಮರಳಿ ಕೊಡಿಸುತ್ತಾನೆ, ಡಾರ್ಸಿಯ ಮುಂದೆಯೂ ತಪ್ಪೊಪ್ಪಿಕೊಳ್ಳುತ್ತಾನೆ. ಅವಳು ಅವನನ್ನು ಕೆಲಸದಿಂದ ತೆಗೆಯುತ್ತಾಳೆ, ಮರುಗಳಿಗೆಯಲ್ಲೇ ಕ್ಷಮಿಸಿ ಅಪ್ಪಿಕೊಳ್ಳುತ್ತಾಳೆ. ಒಪ್ಪಿಕೊಂಡ ಮೇಲೆ ಮುಗಿಯಿತಲ್ಲ ಎನ್ನುವವರು ಒಂದು ಕಡೆ. ಇಷ್ಟು ಅಗ್ಗಕ್ಕೆ ಕ್ಷಮೆಯೇ ಎನ್ನುವವರು ಇನ್ನೊಂದು ಕಡೆ. ನನ್ನ ಓಟು ಎರಡನೆಯವರಿಗೆ. ಪ್ರಣಯದ ಹಾಸ್ಯಚಿತ್ರ ಮದುವೆಯ ಮನೆಯಂತೆ, ಅಲ್ಲಿ ಲೆಕ್ಕ ಕೇಳಬಾರದು ಎಂಬ ವಾದ ಇದೆ, ನಿಜ. ಆದರೆ ಲೆಕ್ಕದ ಪುಸ್ತಕ ತೆರೆದದ್ದು ಚಿತ್ರವೇ.

ಸಣ್ಣ ಸಿಟ್ಟುಗಳೂ ಇವೆ. ಕಾಫಿ ಅಂಗಡಿಯ ಲೋಲಾಳ (ಮರೀಸಾ ಟೊಮೆ) ಮನಸ್ಸನ್ನು ಓದಿಯೇ ಅವಳನ್ನು ಒಲಿಸಿಕೊಂಡ ನಿಕ್ ಆಮೇಲೆ ಅವಳತ್ತ ಸುಳಿಯುವುದಿಲ್ಲ. ಅವನು ಸಲಿಂಗಿ ಇರಬೇಕೆಂದು ಅವಳು ಊಹಿಸಿದಾಗ ಹೌದೆಂದು ಹೇಳಿ ಜಾರಿಕೊಳ್ಳುತ್ತಾನೆ. ಅಂದು ಚಿತ್ರಮಂದಿರ ನಗಲೆಂದು ಬರೆದ ಆ ಪ್ರಸಂಗ ಇಂದು ನೋಡುವವರಿಗೆ ಮುಜುಗರ ತರುತ್ತದೆ. ಅವನ ಇಬ್ಬರು ಸಹಾಯಕಿಯರ ತಲೆಯೊಳಗಿಂದ ಒಂದು ಸದ್ದೂ ಬರುವುದಿಲ್ಲ ಎಂಬುದು ಇನ್ನೊಂದು ನಗೆಹನಿ. ಹೆಣ್ಣಿನ ಮನಸ್ಸಿಗೆ ಕಿವಿಗೊಡಲು ಹೊರಟ ಚಿತ್ರ ಇಬ್ಬರನ್ನು ಖಾಲಿ ಡಬ್ಬಗಳೆಂದು ಬದಿಗಿಟ್ಟದ್ದು ಸರಿಯೇ? ಮೆಲ್ ಗಿಬ್ಸನ್ನರ ವಿಷಯವೂ ಇದೆ. 2006ರಲ್ಲಿ ಕುಡಿದು ಕಾರು ಓಡಿಸಿ ಬಂಧನಕ್ಕೊಳಗಾದಾಗ ಅವರು ಆಡಿದ ಯಹೂದಿ ವಿರೋಧಿ ಮಾತು ಜಗತ್ತಿಗೆಲ್ಲ ತಿಳಿದ ಮೇಲೆ ಅವರ ತುಂಟ ನಗೆ ಹಲವರಿಗೆ ಮೊದಲಿನಂತೆ ಕಾಣಲಿಲ್ಲ.

2011ರಲ್ಲಿ ಆಂಡಿ ಲಾವ್ ಮತ್ತು ಗಾಂಗ್ ಲಿ ಇದರ ಚೀನೀ ರೂಪದಲ್ಲಿ ನಟಿಸಿದರು. 2019ರಲ್ಲಿ ಹಾಲಿವುಡ್ಡೇ ಕತೆಯನ್ನು ತಿರುಗಿಸಿ ‘ವಾಟ್ ಮೆನ್ ವಾಂಟ್’ ತೆಗೆಯಿತು. ಅದರಲ್ಲಿ ತರಾಜಿ ಹೆನ್ಸನ್ ಆಟಗಾರರ ವ್ಯವಹಾರ ನೋಡಿಕೊಳ್ಳುವ ಏಜೆಂಟ್. ಗಂಡಸರೇ ತುಂಬಿದ ಕಚೇರಿಯಲ್ಲಿ ಬಡ್ತಿ ತಪ್ಪಿದವಳು. ಮೂಲದ ಗಳಿಕೆಯ ಕಾಲುಭಾಗವೂ ಅದಕ್ಕೆ ದಕ್ಕಲಿಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಬೇಕಾದದ್ದು: ನಿಕ್‌ಗೆ ಈ ಶಕ್ತಿ ಕಳೆದುಕೊಂಡ ಹುದ್ದೆಯನ್ನು ಮರಳಿ ಕಸಿದುಕೊಳ್ಳಲು ಬೇಕಿತ್ತು, ಅವಳಿಗೆ ಮುಚ್ಚಿದ ಬಾಗಿಲ ಒಳಗೆ ಕಾಲಿಡುವುದಕ್ಕೇ ಬೇಕಾಯಿತು.

ಮೂಲ ಚಿತ್ರವನ್ನು ಬೈಯುವವರೂ ಒಂದು ಪ್ರಸಂಗಕ್ಕೆ ಬಂದಾಗ ದನಿ ತಗ್ಗಿಸುತ್ತಾರೆ. ಕಚೇರಿಯಲ್ಲಿ ಕಡತ ಹೊತ್ತು ತಿರುಗುವ ಎರಿನ್ (ಜೂಡಿ ಗ್ರಿಯರ್) ಎಂಬ ಹುಡುಗಿಯನ್ನು ಯಾರೂ ತಲೆಯೆತ್ತಿ ನೋಡಿದವರಲ್ಲ. ತಾನು ಸತ್ತರೂ ಯಾರಿಗೂ ಗೊತ್ತಾಗದು ಎಂಬ ಯೋಚನೆ ಅವಳದು. ಅದು ನಿಕ್‌ನ ಕಿವಿಗೆ ಬಿದ್ದಿರುತ್ತದೆ. ಒಂದು ದಿನ ಅವಳು ಕೆಲಸಕ್ಕೆ ಬರುವುದಿಲ್ಲ. ಅವಳನ್ನು ಹುಡುಕಿಕೊಂಡು ಹೊರಟಾಗ ಬಿರುಗಾಳಿ ಮಳೆ; ದಾರಿಯಲ್ಲಿ ಮತ್ತೊಮ್ಮೆ ವಿದ್ಯುತ್ ಆಘಾತವಾಗಿ ಬಂದ ಶಕ್ತಿ ಹೊರಟುಹೋಗುತ್ತದೆ. ಹಿಂದೊಮ್ಮೆ ತಾನೇ ನಿರಾಕರಿಸಿದ್ದ ಕೆಲಸವನ್ನು ಕೊಡುತ್ತೇನೆಂದು ಅವಳ ಎದುರು ನಿಂತಾಗ, ಅವಳ ಮನಸ್ಸಿನಲ್ಲಿ ಏನಿದೆಯೆಂದು ಅವನಿಗೆ ಕೇಳಿಸುತ್ತಿಲ್ಲ. ಅವಳು ಬಾಯಿಬಿಟ್ಟು ಹೇಳುವವರೆಗೆ ಅವನು ಕಾಯಬೇಕು.