ತೊನ್ನು ಇದ್ದವರಿಗೆ ಬಿಸಿಲು ಬೇಕೋ ಬೇಡವೋ?

ಬಿಳಿ ಮಚ್ಚೆ ಅಂದರೆ ತೊನ್ನು ಕಾಣಿಸಿಕೊಂಡ ಮನೆಯಲ್ಲಿ ಒಬ್ಬರು ಬಿಸಿಲು ಕಾಯಿಸಿ ಎನ್ನುತ್ತಾರೆ, ಇನ್ನೊಬ್ಬರು ಹೊರಗೇ ಬಿಡಬೇಡಿ ಎನ್ನುತ್ತಾರೆ. ಎರಡರಲ್ಲೂ ಅರ್ಧ ಸತ್ಯವಿದೆ.

ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಬಿಸಿಲಿನ ಅತಿನೇರಳೆ ಕಿರಣಗಳಿಂದ ಚರ್ಮವನ್ನು ಕಾಯುವುದೂ ಅದೇ. ತೊನ್ನಿನಲ್ಲಿ ದೇಹದ ರೋಗನಿರೋಧಕ ಶಕ್ತಿಯೇ ಮೆಲನಿನ್ ತಯಾರಿಸುವ ಜೀವಕೋಶಗಳನ್ನು ನಾಶ ಮಾಡುತ್ತದೆ. ಹಾಗಾಗಿ ಬಿಳಿ ಜಾಗ ಬೇಗ ಸುಡುತ್ತದೆ, ಸುಟ್ಟಲ್ಲಿ ಹೊಸ ಮಚ್ಚೆ ಮೂಡಬಹುದು. ಸುತ್ತಲಿನ ಚರ್ಮ ಕಪ್ಪಾಗಿ ಮಚ್ಚೆ ಇನ್ನೂ ಎದ್ದು ಕಾಣುತ್ತದೆ.

ಚರ್ಮವೈದ್ಯರು ಕೊಡುವ ಬೆಳಕಿನ ಚಿಕಿತ್ಸೆಯೂ ಅತಿನೇರಳೆ ಕಿರಣದ್ದೇ. ಸುಮಾರು 311 ನ್ಯಾನೋಮೀಟರಿನ ಯುವಿ-ಬಿ ಕಿರಣವನ್ನು ವಾರಕ್ಕೆ 2-3 ಸಲ, ಅಳೆದು, ತಿಂಗಳುಗಟ್ಟಲೆ ಕೊಡುತ್ತಾರೆ. ಮಧ್ಯಾಹ್ನದ ಬಿಸಿಲಿಗೆ ಆ ಅಳತೆ ಇಲ್ಲ. ಬಾವಂಚಿ ಬೀಜದ ಎಣ್ಣೆ ಹಚ್ಚಿ ಬಿಸಿಲಿಗೆ ಕೂರುವವರು ಎಚ್ಚರ. ಅದರಲ್ಲಿರುವ ಸೊರಾಲೆನ್‌ನಿಂದ ಚರ್ಮ ಬೇಗ ಸುಟ್ಟು ಬೊಬ್ಬೆ ಏಳಬಹುದು. ವೈದ್ಯರನ್ನು ಕೇಳದೆ ಬೇಡ.

ದಿನನಿತ್ಯ ಪಾಲಿಸಬೇಕಾದದ್ದು ಇಷ್ಟು: ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ನೇರ ಬಿಸಿಲು ತಪ್ಪಿಸಿ. ತುಂಬು ತೋಳಿನ ಬಟ್ಟೆ, ಕೊಡೆ ಇರಲಿ. ತೆರೆದ ಜಾಗಕ್ಕೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಿ, ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬೆಳಗಿನ ಜಾವವೇ ಹತ್ತಿ ಇಳಿಯಿರಿ. ಬಿಗಿಯಾದ ಉಡಿದಾರ, ಲಾಡಿ ಉಜ್ಜುವ ಕಡೆಯೂ ಮಚ್ಚೆ ಬರಬಹುದು. ಅಂಟಿಸುವ ಬಿಂದಿ, ರಬ್ಬರ್ ಚಪ್ಪಲಿಯ ಜಾಗದಲ್ಲಿ ಬಿಳಿಯಾದರೆ ಅದನ್ನು ಕೂಡಲೇ ಬಿಡಿ.

ದಶಲಕ್ಷಣ, ಪರ್ಯೂಷಣದ ಉಪವಾಸಕ್ಕೆ ಮೊದಲೇ ವೈದ್ಯರಿಗೆ ತಿಳಿಸಿ. ರಾತ್ರಿ ಭೋಜನ ತ್ಯಾಗ ಇರುವವರು ಸೂರ್ಯಾಸ್ತದೊಳಗೆ ಮಾತ್ರೆ ತೆಗೆದುಕೊಳ್ಳುವಂತೆ ಸಮಯ ಹೊಂದಿಸಲು ಕೇಳಬಹುದು. ಸ್ಟೀರಾಯ್ಡ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು.

ಕೊನೆಯದಾಗಿ, ಮುಖ್ಯವಾದ ಮಾತು. ತೊನ್ನು ಕುಷ್ಠವಲ್ಲ, ಅಂಟುರೋಗವಲ್ಲ. ಮಚ್ಚೆಯಲ್ಲಿ ಸ್ಪರ್ಶಜ್ಞಾನ ಹೋಗಿದ್ದರೆ ಕುಷ್ಠದ ಸಂಶಯದಿಂದ ತಕ್ಷಣ ಪರೀಕ್ಷೆ ಮಾಡಿಸಬೇಕು, ಅದಕ್ಕೂ ಪೂರ್ಣ ಚಿಕಿತ್ಸೆ ಇದೆ. ಸಂಬಂಧ ನೋಡುವಾಗ ಇದೊಂದೇ ಕಾರಣಕ್ಕೆ ಒಳ್ಳೆಯ ಹುಡುಗ ಹುಡುಗಿಯರನ್ನು ಬೇಡವೆನ್ನುತ್ತೇವೆ, ಹೆದರಿ ಮುಚ್ಚಿಟ್ಟ ಮನೆಯವರು ಚಿಕಿತ್ಸೆಯನ್ನೂ ತಡ ಮಾಡುತ್ತಾರೆ. ಶ್ರೀಪಾಲ-ಮೈನಾಸುಂದರಿ ಕಥೆಯನ್ನು ನಾವು ವರ್ಷವರ್ಷವೂ ಕೇಳುತ್ತೇವೆ. ಕುಷ್ಠವಿದ್ದ ಗಂಡನನ್ನೇ ಮೈನಾಸುಂದರಿ ದೂರ ಮಾಡಲಿಲ್ಲ. ಬರೀ ಬಣ್ಣ ಹೋದವರನ್ನು ನಾವು ದೂರ ಮಾಡುವುದು ಯಾವ ನ್ಯಾಯ?