ಬಿಸಿಲಲ್ಲ, ಸೆಕೆ: ಗೋವಾದಲ್ಲಿ ಬೆಳೆಯುವ ಕೋಳಿಮರಿಗಳು ಮತ್ತು ಉಷ್ಣದ ಒತ್ತಡ

ಗೋವಾ, ಬೆಳಗಾವಿ ಎರಡೂ ಕಡೆಯವರು ಸೇರಿದ್ದೀರಿ, ಹಾಗಾಗಿ ಒಂದು ವ್ಯತ್ಯಾಸದಿಂದಲೇ ಶುರು ಮಾಡ್ತೀನಿ. ಏಪ್ರಿಲ್‌ನಲ್ಲಿ ಬೆಳಗಾವಿಯಲ್ಲಿ ಇರೋದು ಬಿಸಿಲು. ಚೋರ್ಲಾ ಘಾಟಿ ಇಳಿದರೆ ಸೆಕೆ. ಥರ್ಮಾಮೀಟರ್ ನೋಡಿದರೆ ಗೋವಾದ ಮಧ್ಯಾಹ್ನ 33–34 ಡಿಗ್ರಿ, ಬೆಳಗಾವಿಗಿಂತ ಕಡಿಮೆಯೇ. ಆದರೂ ಕೋಳಿ ಇಲ್ಲಿ ಬೇಗ ಸುಸ್ತಾಗುತ್ತೆ. ಯಾಕೆ?

ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಮೈ ಕಾದಾಗ ಅದು ಬಾಯಿ ತೆರೆದು ಏದುಸಿರು ಬಿಡುತ್ತದೆ. ಉಸಿರಿನ ದಾರಿಯ ತೇವ ಆವಿಯಾಗಿ ಮೈ ತಣಿಯುತ್ತದೆ. ಹೊರಗಿನ ಗಾಳಿಯೇ ತೇವದಿಂದ ತುಂಬಿದ್ದರೆ ಈ ಆವಿ ಹೋಗೋದಾದರೂ ಎಲ್ಲಿಗೆ? ಕೋಳಿ ಇನ್ನೂ ಜೋರಾಗಿ ಏದುತ್ತದೆ. ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗಿ ರಕ್ತದ ಕ್ಷಾರೀಯತೆ ಏರುತ್ತದೆ. ಮೇವು ತಿನ್ನೋದು ಕಡಿಮೆಯಾಗಿ ಬೆಳವಣಿಗೆ ಕುಂಠಿತವಾಗುತ್ತದೆ.

ಮರಿಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮೊದಲ ವಾರ ಮರಿಗೆ ತನ್ನ ಮೈಯ ಶಾಖ ಕಾಪಾಡಿಕೊಳ್ಳೋಕೆ ಬರಲ್ಲ. 33–35 ಡಿಗ್ರಿ ಕಾವು ಬೇಕೇ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಬೇಕು. ಲೆಕ್ಕ ಹಾಕಿ: ಮೂರನೇ ವಾರಕ್ಕೆ ಬೇಕಾದದ್ದು 28ರ ಆಸುಪಾಸು, ಗೋವಾದ ಹಗಲು ಆಗಲೇ ಅದನ್ನು ದಾಟಿರುತ್ತೆ. ಆದರೂ ಬಲ್ಬ್ ಉರೀತಿರುತ್ತೆ, ಪರದೆ ಇಳಿಬಿಟ್ಟಿರುತ್ತೆ. ನನ್ನ ಪ್ರಕಾರ ಕರಾವಳಿಯಲ್ಲಿ ಎಚ್ಚರ ತಪ್ಪೋದು ಇಲ್ಲೇ. ಕೈಪಿಡಿಯ ದಿನಗಳನ್ನು ಎಣಿಸೋದಕ್ಕಿಂತ ಮರಿಗಳನ್ನು ನೋಡಿ. ಬಲ್ಬಿನ ಕೆಳಗೆ ಗುಂಪುಗೂಡಿದ್ದರೆ ಚಳಿ; ರೆಕ್ಕೆ ಅಗಲಿಸಿ ಅಂಚಿಗೆ ಸರಿದಿದ್ದರೆ ಕಾವು ಹೆಚ್ಚಾಯ್ತು ಅಂತ ಅರ್ಥ. ರಾತ್ರಿ ಮಾತ್ರ ಬೇಕಾದರೆ ರಾತ್ರಿ ಮಾತ್ರ ಹಾಕಿ.

ಫಾಗರ್ ಹಾಕಿಸಬೇಕಾ ಅಂತ ಹಲವರು ಕೇಳಿದ್ದೀರಿ. ಬೆಳಗಾವಿಯ ಒಣ ಮಧ್ಯಾಹ್ನಕ್ಕೆ ಸರಿ. ಇಲ್ಲಿ ಗಾಳಿ ಆಡದ ಶೆಡ್ಡಿನಲ್ಲಿ ಮಂಜು ಸಿಂಪಡಿಸಿದರೆ ತೇವ ಇನ್ನಷ್ಟು ಏರಿ, ಹಾಸಿದ ಹೊಟ್ಟು ನೆನೆದು ಅಮೋನಿಯಾ ಏಳುತ್ತದೆ. ದುಡ್ಡಿದ್ದರೆ ಮೊದಲು ಫ್ಯಾನ್ ಹಾಕಿಸಿ, ಗಾಳಿ ಮರಿಗಳ ಮಟ್ಟದಲ್ಲಿ ಹಾಯಬೇಕು. ತಗಡಿನ ಮೇಲೆ ತೆಂಗಿನ ಗರಿ ಹೊದಿಸೋದು ಅಗ್ಗದ ಉಪಾಯ, ಬೆಂಕಿಯ ಬಗ್ಗೆ ಮಾತ್ರ ಎಚ್ಚರ. ಬೇಸಿಗೆಯ ಬ್ಯಾಚಿನಲ್ಲಿ ಮರಿಗಳ ಸಂಖ್ಯೆಯನ್ನೂ ಸ್ವಲ್ಪ ಇಳಿಸಿ.

ಮೇವು ಜೀರ್ಣವಾಗುವಾಗಲೂ ಮೈಯಲ್ಲಿ ಶಾಖ ಹುಟ್ಟುತ್ತದೆ. ಆದ್ದರಿಂದ ಬಲಿತ ಬ್ರಾಯ್ಲರ್‌ಗಳಿಗೆ ನಡುಹಗಲು ಮೇವು ತೆಗೆದು, ನಸುಕಿನಲ್ಲಿ ಮತ್ತು ರಾತ್ರಿ ಕೊಡಿ. ಎಳೆಮರಿಗಳಿಗೆ ಇದು ಬೇಡ. ನೀರು ಎಲ್ಲರಿಗೂ, ಎಲ್ಲ ಹೊತ್ತಿಗೂ ಇರಲಿ. ಮಾಡಿನ ಮೇಲಿನ ಕಪ್ಪು ಟ್ಯಾಂಕಿನ ನೀರನ್ನು ಮಧ್ಯಾಹ್ನ ಒಮ್ಮೆ ಮುಟ್ಟಿ ನೋಡಿ, ನಿಮಗೇ ಗೊತ್ತಾಗುತ್ತೆ. ಅಷ್ಟು ಬಿಸಿ ನೀರನ್ನು ಕೋಳಿ ಸರಿಯಾಗಿ ಕುಡಿಯಲ್ಲ. ಟ್ಯಾಂಕಿಗೆ ನೆರಳು ಮಾಡಿ. ಎಲೆಕ್ಟ್ರೋಲೈಟ್ ಪುಡಿ ಎಷ್ಟು ಬೆರೆಸಬೇಕು ಅನ್ನೋದನ್ನು ನಿಮ್ಮ ಪಶುವೈದ್ಯರ ಹತ್ತಿರ ಕೇಳಿಕೊಳ್ಳಿ.

ಚಾಟ್‌ನಲ್ಲಿ ಕೊನೆಯ ಪ್ರಶ್ನೆ: ಕರೆಂಟ್ ಹೋಗಿ ಫ್ಯಾನ್ ನಿಂತರೆ? ಪರದೆಗಳನ್ನೆಲ್ಲ ಮೇಲೆತ್ತಿ. ಆಮೇಲೆ ಕೋಳಿಗಳ ನಡುವೆ ನಿಧಾನವಾಗಿ, ಗಾಬರಿಪಡಿಸದೆ ನಡೆದಾಡಿ. ಅವು ಎದ್ದು ನಿಂತಾಗ ಹೊಟ್ಟೆಯ ಕೆಳಗೆ ಸಿಕ್ಕಿಕೊಂಡ ಬಿಸಿ ಬಿಡುಗಡೆಯಾಗುತ್ತದೆ.